ಮಾದರಿ ವಿಮಾನದ ತಂತಿ ಭಾಗಗಳನ್ನು ಬಾಗಿಸುವ ಮತ್ತು ಬೆಸೆಯುವ ಕ್ರಮ

ಮಾದರಿ ವಿಮಾನದ ಲ್ಯಾಂಡಿಂಗ್ ಗೇರ್ (ಚಕ್ರ ಹೊತ್ತ ಕಾಲು), ಪುಶ್‌ರಾಡ್ (ರೆಕ್ಕೆ, ಬಾಲಗಳ ಚಲಿಸುವ ಭಾಗಗಳನ್ನು ತಳ್ಳಿ ಎಳೆಯುವ ಕಡ್ಡಿ) ಮುಂತಾದ ಭಾಗಗಳಿಗೆ ಬಳಸುವ ಪಿಯಾನೊ ವೈರ್ ಎಂಬುದು ಇಂಗಾಲದ ಅಂಶ ಹೆಚ್ಚಿರುವ ಸ್ಪ್ರಿಂಗ್ ಉಕ್ಕಿನ ತಂತಿ. ನೆಲಕ್ಕೆ ತಾಗಿದಾಗ ಬಳುಕಿ, ಮರುಕ್ಷಣವೇ ಮೊದಲಿನ ಆಕಾರಕ್ಕೆ ಬರುವುದೇ ಅದರ ಗುಣ. ಬಾಗಿಸಲು ಸುಲಭವಾಗಲೆಂದು ಅದನ್ನು ಕೆಂಪಗೆ ಕಾಯಿಸಿ ನಿಧಾನವಾಗಿ ಆರಲು ಬಿಟ್ಟರೆ ಆ ಗುಣವೇ ಹೋಗಿ, ವಿಮಾನ ಜೋರಾಗಿ ನೆಲಕ್ಕಿಳಿದಾಗಲೆಲ್ಲ ಕಾಲು ಸೊಟ್ಟಗಾಗುತ್ತದೆ. ಆದುದರಿಂದ ಬಾಗಿಸುವ ಕೆಲಸವೆಲ್ಲ ತಣ್ಣಗಿನ ತಂತಿಯಲ್ಲೇ ನಡೆಯಬೇಕು.

ಸಾಮಾನ್ಯ ಕಟಿಂಗ್ ಪ್ಲೇಯರ್‌ನಿಂದ ಇದನ್ನು ಕತ್ತರಿಸಲು ಹೋದರೆ ಹಾಳಾಗುವುದು ಪ್ಲೇಯರ್‌ನ ಬಾಯಿ. ಅರದ ಅಂಚಿನಿಂದ ಸುತ್ತಲೂ ಗೀರು ಹಾಕಿ ಮುರಿಯಬಹುದು, ಇಲ್ಲವೇ ಕಟಿಂಗ್ ಡಿಸ್ಕ್ ಬಳಸಬಹುದು. ತುಂಡು ಸಿಡಿಯುವುದರಿಂದ ಕನ್ನಡಕ ಕಡ್ಡಾಯ.

ಭಾಗದ ಚಿತ್ರವನ್ನು ನಿಜ ಅಳತೆಯಲ್ಲೇ ಕಾಗದದ ಮೇಲೆ ಬರೆದುಕೊಂಡು, ಬಾಗುವ ಜಾಗಗಳನ್ನು ಮಾರ್ಕರ್‌ನಿಂದ ಗುರುತಿಸಿ, ತಂತಿಯನ್ನು ವೈಸ್‌ನಲ್ಲಿ (ಮೇಜಿಗೆ ಕೂರಿಸಿದ ಇಕ್ಕಳದಲ್ಲಿ) ಬಿಗಿದು ಬಾಗಿಸಬೇಕು. ಕೈಬಿಟ್ಟೊಡನೆ ತಂತಿ ಸ್ವಲ್ಪ ಹಿಂದಕ್ಕೆ ಪುಟಿಯುವುದರಿಂದ ಬೇಕಾದ ಕೋನವನ್ನು ತುಸು ದಾಟಿಸಬೇಕಾಗುತ್ತದೆ; ಎಷ್ಟು ದಾಟಿಸಬೇಕೆಂಬುದು ಅದೇ ದಪ್ಪದ ಚೂರೊಂದನ್ನು ಬಾಗಿಸಿ ನೋಡಿದರೆ ತಿಳಿಯುತ್ತದೆ. ಚೂಪು ಮೂಲೆ ಎಷ್ಟೇ ಅಂದವಾಗಿ ಕಂಡರೂ ಅದರ ಆಸೆ ಬೇಡ, ಬಿರುಕು ಹುಟ್ಟುವುದು ಅಲ್ಲಿಯೇ. ಒಳಬದಿಯ ತಿರುವಿನ ತ್ರಿಜ್ಯ ಕನಿಷ್ಠ ತಂತಿಯ ದಪ್ಪದಷ್ಟಾದರೂ ಇರಲಿ. ತಪ್ಪಿದ ಬಾಗನ್ನು ಬಿಡಿಸಿ ಮತ್ತೆ ಬಾಗಿಸುವುದಕ್ಕಿಂತ ಹೊಸ ತುಂಡು ತೆಗೆದುಕೊಳ್ಳುವುದೇ ಲೇಸು.

ಎರಡು ತಂತಿಗಳನ್ನು ಕೂಡಿಸುವಲ್ಲಿ ಬಲ ಕೊಡುವುದು ಮೆತ್ತಿದ ಸೋಲ್ಡರ್ (ಕರಗಿಸಿ ಬೆಸೆಯುವ ಮಿಶ್ರಲೋಹ) ಅಲ್ಲ, ಸುತ್ತಿದ ತಂತಿ. ಕೂಡುವ ಭಾಗವನ್ನು ಎಮರಿ ಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಸ್ಪಿರಿಟ್‌ನಿಂದ ಜಿಡ್ಡು ಒರೆಸಿ, ತೆಳುವಾದ ತಾಮ್ರದ ತಂತಿಯನ್ನು ಸುತ್ತುಗಳು ಒಂದಕ್ಕೊಂದು ತಾಗುವಂತೆ ಬಿಗಿಯಾಗಿ ಸುತ್ತಬೇಕು. ಲೋಹವನ್ನು ಶುಚಿಯಾಗಿಸಿ ಸೋಲ್ಡರ್ ಹರಿಯಲು ನೆರವಾಗುವ ಪದಾರ್ಥವೇ ಫ್ಲಕ್ಸ್; ಎಲೆಕ್ಟ್ರಾನಿಕ್ಸ್ ಕೆಲಸದ ರೋಸಿನ್ (ರಾಳದ) ಫ್ಲಕ್ಸ್ ಉಕ್ಕಿಗೆ ಸಾಲದು. ಆಮ್ಲೀಯ ಫ್ಲಕ್ಸ್ ಬೇಕು, ಅದರ ಹೊಗೆ ಹೊರಹೋಗಲು ಕಿಟಕಿ ತೆರೆದಿರಬೇಕು. 60/40 (60 ಪಾಲು ತವರ, 40 ಪಾಲು ಸೀಸ) ಸೋಲ್ಡರ್ ಸುಮಾರು 190 ಡಿಗ್ರಿ ಸೆಲ್ಸಿಯಸ್‌ನಲ್ಲೇ ಪೂರ್ತಿ ಕರಗುವುದರಿಂದ ಉಕ್ಕಿನ ಗಡಸುತನಕ್ಕೆ ಅಷ್ಟಾಗಿ ಧಕ್ಕೆಯಾಗದು, ಆದರೆ ದಪ್ಪ ತಂತಿ ಶಾಖವನ್ನು ಬೇಗ ಎಳೆದುಕೊಳ್ಳುವ ಕಾರಣ ದೊಡ್ಡ ಮೊನೆಯ ಸೋಲ್ಡರಿಂಗ್ ಐರನ್ ಅಗತ್ಯ. ಸೋಲ್ಡರನ್ನು ಐರನ್ ಮೊನೆಗೆ ಮುಟ್ಟಿಸದೆ ಕಾದ ತಂತಿಯ ಸುತ್ತುಗಳಿಗೇ ಮುಟ್ಟಿಸಿ: ಅದು ಸುತ್ತುಗಳ ಸಂದಿಗೆ ತಾನಾಗಿ ಹರಿದು, ತಾಮ್ರದ ಗೆರೆಗಳು ಕಾಣುವಂತೆ ತೆಳ್ಳಗೆ ಹರಡಿದರೆ ಬೆಸುಗೆ ಸರಿಯಾಗಿದೆ, ಗುಂಡಾಗಿ ನಿಂತರೆ ಶಾಖ ಸಾಲದು ಅಥವಾ ಜಿಡ್ಡು ಉಳಿದಿದೆ. ಆರುವವರೆಗೆ ಅಲುಗಾಡಿಸಬಾರದು.

ಉಳಿದ ಆಮ್ಲ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಬೆಸುಗೆಯನ್ನು ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಶುದ್ಧ ನೀರಿನಲ್ಲಿ ತೊಳೆದು, ಒರೆಸಿ ಒಣಗಿಸಿ ತೆಳುವಾಗಿ ಎಣ್ಣೆ ಸವರಿಡಬೇಕು.