ಕಂಚಿ ಸಿಪ್ಪೆಯನ್ನು ಕುದಿಸಬೇಡಿ ಮಾರಾಯ್ರೇ

ಮನೆಯಲ್ಲೇ ಹುದುಗಿಸುವ ಶುಂಠಿ ಬಿಯರು ಮಾಡುತ್ತೇವೆಂದು ಶುಂಠಿ, ನಿಂಬೆ ಜಾತಿಯ ಕಂಚಿಕಾಯಿಯ ಸಿಪ್ಪೆ, ಲೆಮನ್ ಗ್ರಾಸ್ ಎನ್ನುವ ಮಜ್ಜಿಗೆ ಹುಲ್ಲು ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಅರ್ಧ ಗಂಟೆ ಕೊತಕೊತ ಕುದಿಸುವವರನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಡುಗೆಮನೆ ತುಂಬ ಘಮಘಮ, ನಿಜ. ಆ ಘಮ ಎಲ್ಲಿಂದ ಬಂತು? ಪಾತ್ರೆಯಿಂದ ಎದ್ದು ಹೋದದ್ದೇ ತಾನೇ? ನಾಲ್ಕು ದಿನ ಕಳೆದು ಬಾಟಲಿ ಬಿಚ್ಚಿದರೆ ಬರೀ ಕಹಿ ಕಷಾಯ. ಆಮೇಲೆ "ದೊಡ್ಡಮ್ಮ, ಶುಂಠಿ ಬಿಯರು ನಿನ್ನ ಹಾಗೆ ಬರಲಿಲ್ಲ" ಎಂದು ಫೋನು.

ಮೊದಲು ಹೆಪ್ಪು, ಅಂದರೆ ಪಾನೀಯವನ್ನು ಹುದುಗಿಸುವ ಶುಂಠಿ ನೀರು. ಪೇಟೆಯ ಅಂಗಡಿಯಲ್ಲಿ ಬೆಳ್ಳಗೆ ತಿಕ್ಕಿ ತೊಳೆದು ಇಟ್ಟಿರುತ್ತಾರಲ್ಲ, ಆ ಶುಂಠಿಯನ್ನು ತಂದು, ಸಾಲದ್ದಕ್ಕೆ ಸಿಪ್ಪೆಯನ್ನೂ ಹೆರೆದು ಹಾಕುತ್ತಾರೆ ಈಗಿನವರು. ನೊರೆ ಬರಲಿಲ್ಲ ಎಂದರೆ ಹೇಗೆ ಬರುತ್ತದೆ? ಹುದುಗಿಸುವ ಯೀಸ್ಟು ಇರುವುದೇ ಆ ಸಿಪ್ಪೆಯ ಮೇಲೆ. ನಮ್ಮ ಶಿರಸಿ ಸಂತೆಗೆ ಬನವಾಸಿ ಕಡೆಯಿಂದ ಮಣ್ಣು ಮೆತ್ತಿದ ಶುಂಠಿ ಬರುತ್ತದೆ, ಅಂಥದ್ದು ಆಗಬೇಕು. ಮಣ್ಣು ಹೋಗುವಷ್ಟು ಮಾತ್ರ ತೊಳೆಯಿರಿ. ಹೆಬ್ಬೆರಳು ಗಾತ್ರದ್ದನ್ನು ಸಿಪ್ಪೆ ಸಮೇತ ಕೊಚ್ಚಿ, ಗಾಜಿನ ಬಾಟಲಿಯಲ್ಲಿ ಒಂದು ಲೋಟ ಬಾವಿ ನೀರಿಗೆ ಹಾಕಿ, ಒಂದು ಚಮಚ ಜೋನಿ ಬೆಲ್ಲ (ನೀರು ಬೆಲ್ಲ) ಕಲಸಿ, ತೆಳು ಬಟ್ಟೆ ಕಟ್ಟಿಡಿ. ನಲ್ಲಿ ನೀರಾದರೆ ಕುದಿಸಿ ಆರಿಸಿಕೊಳ್ಳಿ, ಕ್ಲೋರಿನ್ ಇದ್ದರೆ ಹೆಪ್ಪು ಏಳುವುದಿಲ್ಲ. ದಿನಾ ಚೂರು ಶುಂಠಿ, ಚೂರು ಬೆಲ್ಲ ಹಾಕಿ ಕದಡುತ್ತಿದ್ದರೆ ನಾಲ್ಕೈದು ದಿನದಲ್ಲಿ ಕಿವಿ ಹತ್ತಿರ ಹಿಡಿದಾಗ ಸುಂಯ್ ಎನ್ನುತ್ತದೆ. ಮೇಲೆ ಬೂಸಲು ಬಂದರೆ ಇಡೀ ಬಾಟಲಿಯದ್ದನ್ನು ಚೆಲ್ಲಿ. ಬೂಸಲಷ್ಟೇ ತೆಗೆದು ಉಳಿದದ್ದನ್ನು ಬಳಸುವ ಜಿಪುಣತನ ಬೇಡ.

ಪಾನೀಯದ್ದು ದೊಡ್ಡ ವಿದ್ಯೆಯಲ್ಲ. ಒಂದು ಮುಷ್ಟಿ ಶುಂಠಿ ಜಜ್ಜಿ, ದೊಡ್ಡ ತಪ್ಪಲೆ ನೀರಿನಲ್ಲಿ ಖಾರ ಬಿಡುವ ತನಕ ಕುದಿಸಿ, ಪಾನಕಕ್ಕಿಂತ ಒಂದು ಹಿಡಿ ಹೆಚ್ಚೇ ಸಕ್ಕರೆ ಹಾಕಿ. ಯೀಸ್ಟು ತಿಂದು ಮಿಕ್ಕಿದ್ದು ತಾನೇ ನಮಗೆ? ಇದಕ್ಕೆ ಬೆಲ್ಲ ಹಾಕಿದರೆ ಬಣ್ಣ ಕಪ್ಪಾಗುತ್ತದೆ. ಪೂರ್ತಿ ಆರಿಸಿ. ಬಿಸಿ ಇರುವಾಗಲೇ ಹೆಪ್ಪು ಹಾಕಿದರೆ ಅದು ಸತ್ತೇ ಹೋಗುತ್ತದೆ, ಮೊಸರಿನ ಹೆಪ್ಪಾದರೂ ಅಷ್ಟೇ ಅಲ್ಲವೇ. ನಿಂಬೆರಸ, ಒಂದೆರಡು ಸೌಟು ಹೆಪ್ಪಿನ ನೀರು ಸೇರಿಸಿ ಭರಣಿಗೆ ಸೋಸಿ, ಬಟ್ಟೆ ಕಟ್ಟಿ, ನೊರೆ ಎದ್ದು ಇಳಿಯುವ ತನಕ ಹುದುಗಲು ಬಿಡಿ. ಭರಣಿ ಎಂದಾಗ ನೆನಪಾಯಿತು, ಅಪ್ಪೆಮಿಡಿ ಇಟ್ಟ ಭರಣಿಯನ್ನು ಇದಕ್ಕೆ ಮುಟ್ಟಬೇಡಿ. ಉಪ್ಪಿನಕಾಯಿ ಭರಣಿಯನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಬೇಕೇ ಹೊರತು ಒದ್ದೆ ಬಟ್ಟೆಯಲ್ಲಿ ಒರೆಸಿ ಒಳಗಿಡುವುದಲ್ಲ. ನಮ್ಮ ಮನೆಯಲ್ಲಿ ಯಾರಿಗೆ ಹೇಳಿದ್ದು ಎಂದು ಅವರಿಗೆ ಗೊತ್ತು.

ಈಗ ಸಿಪ್ಪೆಯ ವಿಷಯ. ಕಂಚಿಕಾಯಿ ಹಸಿರು ಬಿಟ್ಟು ಹಳದಿಗೆ ತಿರುಗುವ ಹೊತ್ತಿನದ್ದಾಗಬೇಕು. ಮೆಟ್ಟುಗತ್ತಿಯಲ್ಲಿ ದಪ್ಪಕ್ಕೆ ಕೊಯ್ಯಬೇಡಿ, ಸಣ್ಣ ಚೂರಿಯಲ್ಲಿ ಹೊರಗಿನ ಬಣ್ಣದ ಪದರವನ್ನಷ್ಟೇ ಹೆರೆಯಿರಿ. ಸಿಪ್ಪೆಯ ಬೆನ್ನಲ್ಲಿ ಬಿಳಿ ಕಂಡರೆ ಅದನ್ನೂ ಕೆರೆದು ತೆಗೆಯಿರಿ, ಕಹಿಯೆಲ್ಲ ಅದರಲ್ಲೇ. ಸಿಪ್ಪೆಯನ್ನು ದೀಪದ ಎದುರು ಮಡಚಿದರೆ ಸಣ್ಣ ಹನಿಗಳು ಚಿಮ್ಮಿ ಉರಿ ಚಟಪಟ ಎನ್ನಬೇಕು. ಆ ಎಣ್ಣೆಯೇ ಪರಿಮಳ. ನಾಲ್ಕು ಎಸಳು ಮಜ್ಜಿಗೆ ಹುಲ್ಲನ್ನು ತೊಳೆದು, ನೀರಿನ ಪಸೆ ಆರಲು ನೆರಳಿನಲ್ಲಿ ಹರವಿ, ಗಂಟು ಹಾಕಿಕೊಳ್ಳಿ. ಮಲ್ ಬಟ್ಟೆಯನ್ನು ಮೊದಲೇ ಕುದಿಸಿ ಒಣಗಿಸಿಟ್ಟು, ಸಿಪ್ಪೆ ಹುಲ್ಲು ಎರಡನ್ನೂ ಹಸಿಯಾಗಿಯೇ ಅದರಲ್ಲಿ ಸಡಿಲವಾಗಿ ಕಟ್ಟಿ, ಜೊತೆಗೆ ಎರಡು ಗೋಲಿ ಹಾಕಿ. ಒಡೆದ ಗೋಲಿ ಸೋಡಾ ಬಾಟಲಿಯ ಗೋಲಿಗಳನ್ನು ನಾನು ಇದಕ್ಕೆಂದೇ ಎತ್ತಿಟ್ಟಿದ್ದೇನೆ, ಪ್ರತಿ ಸಲವೂ ಕುದಿಸಿಯೇ ಹಾಕುವುದು. ಭಾರವಿಲ್ಲದಿದ್ದರೆ ಗಂಟು ತೇಲುತ್ತದೆ, ತೇಲಿದ್ದಕ್ಕೆ ಬೂಸಲು ಹಿಡಿಯುತ್ತದೆ. ಇದು ಭರಣಿಗೆ ಬೀಳಬೇಕಾದದ್ದು ಕೊನೆಯ ರಾತ್ರಿ, ನೊರೆ ಇಳಿಯುತ್ತಾ ಬಂದ ಮೇಲೆ. ಸಂಜೆ ಇಳಿಬಿಟ್ಟರೆ ಬೆಳಿಗ್ಗೆ ಆಸರಿಗೆ, ಅಂದರೆ ಚಹಾ ಕಾಫಿಗೆ, ಇಡುವ ಹೊತ್ತಿಗೆ ತೆಗೆದುಬಿಡಿ. ಹಿಂಡಬೇಡಿ! ಹಿಂಡಿದಿರೋ, ಇಷ್ಟು ಹೊತ್ತು ಪಟ್ಟ ಪಾಡೆಲ್ಲ ದಂಡ.

ನಮ್ಮ ಅತ್ತೆ ಕಷಾಯ ಒಲೆಯಿಂದ ಇಳಿಸಿದ ಮೇಲೆಯೇ ಮಜ್ಜಿಗೆ ಹುಲ್ಲು ಹಾಕಿ ಮುಚ್ಚುತ್ತಿದ್ದರು, ನಡುವೆ ಮುಚ್ಚಳ ಎತ್ತಿದವರ ಕೈಗೆ ಸೌಟಿನ ಪೆಟ್ಟು. ನಾನು ಕಲಿತದ್ದು ಅಲ್ಲಿ. ಬೆಂಗಳೂರಿನಲ್ಲಿ ಬಿಯರು ಮಾಡುವ ಕಡೆ ಕೆಲಸಕ್ಕಿರುವ ತಂಗಿಯ ಮಗ ಇದನ್ನು ನೋಡಿ, ಪೇಲ್ ಏಲ್ ಬಿಯರಿಗೂ ಹೀಗೇ ಎಂದ. ಹಾಪ್ಸ್ ಎಂಬ ಹೂವನ್ನು ಮೊದಲು ಒಂದು ಗಂಟೆ ಕುದಿಸುವುದು ಕಹಿಗಂತೆ. ಹುದುಗಿದ ಮೇಲೆ ಅದೇ ಹೂವನ್ನು ತಣ್ಣಗೆ ಮತ್ತೊಮ್ಮೆ ಹಾಕುವುದು ಪರಿಮಳಕ್ಕಂತೆ. 1892ರಲ್ಲೇ ಮಾರ್ಷಲ್ ವಾರ್ಡ್ ಎಂಬ ಇಂಗ್ಲಿಷ್ ವಿಜ್ಞಾನಿ ಶುಂಠಿ ಬಿಯರಿನ ಹೆಪ್ಪನ್ನು ಪರೀಕ್ಷಿಸಿ, ಅದರೊಳಗೆ ಯೀಸ್ಟೂ ಬ್ಯಾಕ್ಟೀರಿಯಾವೂ ಕೂಡಿ ಬಾಳುತ್ತವೆ ಎಂದು ಬರೆದಿದ್ದನೆಂದೂ ಅವನೇ ಹೇಳಿದ್ದು. ಇಷ್ಟೆಲ್ಲ ತಿಳಿದವನು ಲೋಟ ತೊಳೆದಿಡುವುದನ್ನು ಮಾತ್ರ ಕಲಿತಿಲ್ಲ.

ತುಂಬಿಸುವಾಗ ಗಟ್ಟಿ ಪ್ಲಾಸ್ಟಿಕ್ಕಿನ ಸೋಡಾ ಬಾಟಲಿಯೇ ಸಾಕು. ಮೇಲೆ ಮೂರು ಬೆರಳು ಜಾಗ ಬಿಡಿ, ಅರ್ಧ ಚಮಚ ಸಕ್ಕರೆ ಹಾಕಿ ಬಿಗಿಯಾಗಿ ಮುಚ್ಚಿ. ಬೆಳಿಗ್ಗೆ ಸಂಜೆ ಒತ್ತಿ ನೋಡಿ, ಬೆರಳಿಗೆ ಬಗ್ಗದಷ್ಟು ಬಿರುಸಾದ ಕೂಡಲೇ ಫ್ರಿಜ್ಜಿಗೆ. ಚೆಂದ ಕಾಣಲಿ ಎಂದು ತೆಳು ಗಾಜಿನ ಬಾಟಲಿಗೆ ತುಂಬಿಸಿ ಕಪಾಟಿನಲ್ಲಿ ಮರೆತರೆ ರಾತ್ರಿ ಸಿಡಿಯುತ್ತದೆ, ಗಾಜಿನ ಚೂರು ಯಾರ ಕಣ್ಣಿಗೆ ಹೋಗುತ್ತದೋ. ಕಾರವಾರದಲ್ಲಿರುವ ತಂಗಿಗಂತೂ ಬೇಸಿಗೆಯ ಸೆಕೆಯಲ್ಲಿ ಒಂದೇ ದಿನಕ್ಕೆ ಬಿರುಸಾಗುತ್ತದೆ. ಘಟ್ಟದ ಮೇಲೆ ಪುಷ್ಯದ ಚಳಿಯಲ್ಲಿ ಮೂರು ದಿನ ಕಾದರೂ ಮೆತ್ತಗೇ ಇರುತ್ತದೆ. ಹಾಗಾಗಿ ದಿನ ಎಣಿಸಬೇಡಿ, ಒತ್ತಿ ನೋಡಿ.

ಹುದುಗಿದ್ದರಲ್ಲಿ ಸ್ವಲ್ಪವಾದರೂ ಅಮಲಿನ ಅಂಶ ಇದ್ದೇ ಇರುತ್ತದೆ. ಮಕ್ಕಳಿಗೂ ಬಸುರಿಯರಿಗೂ ಕೊಡಬೇಡಿ, ಅವರಿಗೆ ನಿಂಬೆ ಪಾನಕ ಮಾಡಿ. ಉಳಿದ ಹೆಪ್ಪನ್ನು ಫ್ರಿಜ್ಜಿನಲ್ಲಿಟ್ಟು ವಾರಕ್ಕೊಮ್ಮೆ ಒಂದು ಚಮಚ ಬೆಲ್ಲ, ಚೂರು ಶುಂಠಿ ಕೊಡಿ. ಸಿಪ್ಪೆ ಹೆರೆದ ಕಂಚಿಕಾಯಿಯನ್ನು ಎಸೆಯಬೇಡಿ, ಹೆಚ್ಚಿ ಉಪ್ಪು ಬೆರೆಸಿಡಿ, ನಾಳೆ ಗೊಜ್ಜಿಗಾಗುತ್ತದೆ.