ಮೊಸರು ಸರಿ ಬಂದ್ಮೇಲೆ ಉಳಿದಿದ್ದೆಲ್ಲ ಸಲೀಸಾಯ್ತು – ವೀಗನ್ ಆದ ನನ್ನ ಅನುಭವ

"ಹೆಚ್ಚಂದ್ರೆ ಎರಡು ತಿಂಗಳು, ಆಮೇಲೆ ನೀನೇ ವಾಪಸ್ ಬರ್ತೀಯ" ಅಂದಿದ್ದೋರೇ ಈಗ ಸೋಯಾ ಮೊಸರಿಗೆ ಹೆಪ್ಪು ಕೇಳ್ಕೊಂಡು ಬರ್ತಿದಾರೆ, ಅದಕ್ಕೇ ಬರೀತಿದೀನಿ. ವೀಗನ್ ಅಂದ್ರೆ ಮಾಂಸ, ಮೊಟ್ಟೆ, ಹಾಲು ಹೀಗೆ ಪ್ರಾಣಿಗಳಿಂದ ಬರೋದ್ಯಾವುದನ್ನೂ ತಿನ್ನದೋರು; ಯಾಕಾಗ್ಬೇಕು ಅನ್ನೋದು ನಿಮಗೆ ಗೊತ್ತಿರೋದೇ. ಹೇಗೆ ಉಳ್ಕೊಂಡೆ ಅನ್ನೋದಷ್ಟೇ ಹೇಳ್ತೀನಿ.

ನಾನು ನೋಡಿದ ಮಟ್ಟಿಗೆ ಜನ ಸೋಲೋದು ಮಾಂಸಕ್ಕಲ್ಲ, ಮೊಟ್ಟೆಗೂ ಅಲ್ಲ, ಹಾಲಿಗೆ. ಬೆಳಗ್ಗೆ ಕಾಫಿ ಒಡೀತು, ಊಟಕ್ಕೆ ಮೊಸರಿಲ್ಲ, ಅಲ್ಲಿಗೆ ಮುಗೀತು. ಹಾಗಾಗಿ ನಾನು ಮೊದಲು ಏನನ್ನೂ ಬಿಡ್ಲಿಲ್ಲ, ಅದರ ಜಾಗಕ್ಕೆ ಇನ್ನೊಂದು ಗಟ್ಟಿಯಾಗಿ ಕೂತ್ಮೇಲೇ ಹಳೇದನ್ನ ನಿಲ್ಲಿಸಿದ್ದು.

ಶುರುವಲ್ಲಿ ದುಡ್ಡು ಹೋಗಿದ್ದು ಬಾದಾಮಿ ಹಾಲಿನ ಪ್ಯಾಕೆಟ್ಟಿಗೆ. ಹಸುವಿನ ಹಾಲಿನ ಮೂರು ನಾಲ್ಕು ಪಟ್ಟು ರೇಟು, ಲೋಟಕ್ಕೆ ಪ್ರೋಟೀನ್ ಒಂದು ಗ್ರಾಂ ಆಸುಪಾಸು. ಸೋಯಾದಲ್ಲಿ ಏಳೆಂಟು ಗ್ರಾಂ ಸಿಗುತ್ತೆ. ಓಟ್ಸ್ ಹಾಲು ಕುಡಿಯೋಕೆ ಚೆನ್ನಾಗಿತ್ತು, ಮನೇಲಿ ಮಾಡಿ ಕಾಯಿಸಿದ್ರೆ ಲೋಳೆ ಲೋಳೆ. ಕೊನೆಗೆ ಮನೇಲೇ ಸೋಯಾ ರುಬ್ಬೋಕೆ ಶುರು ಮಾಡ್ದೆ, ಮೊದಲ ಕೆಲವು ಸಲ ಹಸಿ ಕಾಳಿನ ವಾಸನೆಗೆ ಮನೆಯವರು ಅಡುಗೆಮನೆ ಕಡೆ ತಲೆ ಹಾಕ್ಲಿಲ್ಲ. ನೆನೆದ ಕಾಳನ್ನ ಕುದಿಯೋ ನೀರಿಗೆ ಹಾಕಿ, ಸಿಪ್ಪೆ ತೆಗ್ದು, ಬಿಸಿ ನೀರಲ್ಲೇ ರುಬ್ಬಿ ಚೆನ್ನಾಗಿ ಕುದಿಸ್ದಾಗ ವಾಸನೆ ಹೋಯ್ತು. ಕಾಲು ಕೆಜಿ ಕಾಳಿಗೆ ಸುಮಾರು ಎರಡು ಲೀಟರ್, ಗ್ಯಾಸ್ ಸೇರಿಸಿದ್ರೂ ಹಳೇ ಹಾಲಿನ ಬಿಲ್ಲಿನ ಅರ್ಧ ದಾಟಲ್ಲ. ಕಾಫಿ ಒಡೆಯೋದು ಅದರ ಹುಳಿಗೆ ಮತ್ತೆ ಶಾಖಕ್ಕೆ, ಡಿಕಾಕ್ಷನ್ ಸ್ವಲ್ಪ ಆರಲಿ, ಬೆಚ್ಚಗಿನ ಹಾಲಿಗೆ ಅದನ್ನ ನಿಧಾನಕ್ಕೆ ಬಿಡಿ.

ಮೊಸರು ಮಾತ್ರ ಸತಾಯಿಸ್ತು. ಹೆಪ್ಪಿಗೆ ಹಸಿಮೆಣಸಿನಕಾಯಿ ತೊಟ್ಟು ಹಾಕಿದ್ದೆ, ಒಂದ್ಸಲ ನೀರು ಬೇರೆ ಮೊಸರು ಬೇರೆ, ಇನ್ನೊಂದ್ಸಲ ದಾರ ದಾರ, ಒಂದು ಪಾತ್ರೆ ಮೇಲೆ ಗುಲಾಬಿ ಬಣ್ಣ ಕಾಣಿಸ್ತು ಅಂತ ಪೂರ್ತಿ ಚೆಲ್ಲಿದೆ. ಸೋಯಾದಲ್ಲಿ ಲ್ಯಾಕ್ಟೋಸ್ (ಹಾಲಲ್ಲಿರೋ ಸಕ್ಕರೆ) ಇಲ್ಲ, ಅದಕ್ಕೆ ಲೀಟರಿಗೆ ಒಂದು ಚಮಚ ಸಕ್ಕರೆ ಹಾಕ್ದೆ, ಹುಳಿ ಸರಿಯಾಗಿ ಬಂತು. ತೊಟ್ಟಿನ ಮೊದಲ ಬ್ಯಾಚ್ ತಿನ್ನಬೇಡಿ, ಅದನ್ನ ಹೆಪ್ಪಿಗೆ ಇಟ್ಕೊಂಡು ಮೂರನೇದ್ರಿಂದ ತಿನ್ನಿ. ಗಟ್ಟಿ ಬರೋಕೆ ಗೋಡಂಬಿ ಸೇರಿಸ್ತೀನಿ, ಅಳತೆ ಮತ್ತೆ ಯಾವಾಗ ಹಾಕೋದು ಅನ್ನೋದು ನನ್ನ ಹತ್ರಾನೇ ಇರ್ಲಿ. ಈಗ ನಮ್ಮನೆಗೆ ಬಂದೋರು ಹೇಳದೆ ಕಂಡುಹಿಡಿಯಲ್ಲ.

ಮಧ್ಯೆ ಕಡಲೆಕಾಳು ಬೇಯಿಸಿದ ನೀರನ್ನ ಮೊಟ್ಟೆ ಬಿಳಿ ಥರ ನೊರೆ ಬರಿಸೋ ಹುಚ್ಚೂ ಹತ್ತಿತ್ತು. 2014ರಲ್ಲಿ ಫ್ರಾನ್ಸಿನ ಜೋಯೆಲ್ ರೋಸೆಲ್ ತೋರಿಸಿಕೊಟ್ಟ ವಿದ್ಯೆ ಅದು. ಒಂದು ಮೊಟ್ಟೆಗೆ ಮೂರು ಟೇಬಲ್ ಚಮಚ, ನೀರು ಗಟ್ಟಿಯಾಗೋವರೆಗೂ ಬತ್ತಿಸಿದ್ರೆ ನಿಜವಾಗ್ಲೂ ನಿಲ್ಲುತ್ತೆ.

ವೀಗನ್ ಆಗ್ತೀನಿ ಅಂತ ನನ್ನ ಹತ್ರ ಬರೋರಿಗೂ ಇದೇ ದಾರಿ. ಮೊದಲ ವಾರ ಏನೂ ಬದಲಾಯಿಸೋಕೆ ಬಿಡಲ್ಲ, ಯಾವುದಿಲ್ದೆ ಇರೋಕಾಗಲ್ಲ ಅಂತ ಕೇಳಿ ಅದನ್ನೇ ಮೊದಲು ಮಾಡಿಕೊಡ್ತೀನಿ. ಆಫೀಸಲ್ಲಿ ಜೊತೆಗಿದ್ದ ಒಬ್ಬ ಅಕ್ಕ "ಎಲ್ಲ ಬಿಡ್ತೀನಿ, ಟೀ ಜೊತೆ ಬಿಸ್ಕೆಟ್ ಮಾತ್ರ ಆಗಲ್ಲಪ್ಪ" ಅಂದ್ರು. ಇಬ್ರೂ ಅಂಗಡೀಲಿ ನಿಂತು ಪ್ಯಾಕೆಟ್ ತಿರುಗಿಸಿ ತಿರುಗಿಸಿ ಓದಿದ್ವಿ, ಸಣ್ಣಕ್ಷರದಲ್ಲಿ ಹಾಲಿನ ಪುಡಿ, ವೇ ಪೌಡರ್, ಕೇಸೀನ್, ಎಲ್ಲ ಹಾಲಿಂದ ಬರೋವೇ. ಅವ್ಯಾವೂ ಇಲ್ಲದ ಒಂದು ಸಾದಾ ಬಿಸ್ಕೆಟ್ ಸಿಕ್ತು, ಅವತ್ತಿಂದ ಅವರು ಹಿಂದೆ ನೋಡಿಲ್ಲ.

ವಿಟಮಿನ್ ಬಿ12 ವಿಷಯದಲ್ಲಿ ಮಾತ್ರ ನಾನು ಯಾರಿಗೂ ಮುಲಾಜು ತೋರ್ಸಲ್ಲ. ದಿನಕ್ಕೆ ಬೇಕಿರೋದು 2.4 ಮೈಕ್ರೋಗ್ರಾಂ, ಮಾಡೋದು ಬ್ಯಾಕ್ಟೀರಿಯಾ, ಸೊಪ್ಪು ತರಕಾರೀಲಿ ಸಿಗಲ್ಲ. ಲಿವರಲ್ಲಿರೋ ದಾಸ್ತಾನು ವರ್ಷಗಟ್ಟಲೆ ಬರುತ್ತೆ, ಅದಕ್ಕೇ ಶುರುವಲ್ಲಿ ಏನೂ ಗೊತ್ತಾಗಲ್ಲ, ಕಾಲು ಜೋಮು ಹಿಡಿದ್ಮೇಲೆ ಓಡಾಡ್ತಾರೆ. ಶುರು ಮಾಡೋಕೆ ಮುಂಚೆ ಒಂದು ರಕ್ತಪರೀಕ್ಷೆ ಮಾಡಿಸಿ, ಬಿ12 ಮಾತ್ರೆ ಶುರು ಮಾಡಿದ್ರೇನೇ ನಾನು ಹೆಪ್ಪು ಕೊಡೋದು.

ಚೀಸ್ ಇನ್ನೂ ಒಗ್ಗಿಲ್ಲ. ಅಂಗಡೀದ್ರಲ್ಲಿ ಮುಕ್ಕಾಲು ಪಾಲು ಬರೀ ತೆಂಗಿನೆಣ್ಣೆ, ಪಿಷ್ಟ. ಗೋಡಂಬಿ ಹುಳಿ ಬರಿಸಿ ನೋಡ್ತಿದೀನಿ, ರುಚಿ ಬಂದಿದೆ, ಕರಗೋದು ಬಾಕಿ ಇದೆ.