ಮಹಡಿಯ ಡ್ರಮ್ ತೆಗೆದೆವು, ಬಾಗಿಲಿಗೆ ಬುಟ್ಟಿ ತಂದೆವು

ಬೆಂಗಳೂರಿನ ನಮ್ಮ ವಸತಿ ಸಮುಚ್ಚಯದಲ್ಲಿ ಪ್ರತಿ ಮಹಡಿಯ ಲಿಫ್ಟ್ ಪಕ್ಕ ಒಂದು ನೀಲಿ ಡ್ರಮ್ ಇರುತ್ತಿತ್ತು. ನಗರದಲ್ಲಿ ಕಸ ವಿಂಗಡಣೆ 2012ರಿಂದಲೇ ಕಡ್ಡಾಯ. ಆದರೂ ಡ್ರಮ್ಮಿನೊಳಗೆ ಉಳಿದ ಅನ್ನ, ಹಾಲಿನ ಪ್ಯಾಕೆಟ್, ಡೈಪರ್, ಒಡೆದ ಲೋಟ ಎಲ್ಲವೂ ಒಂದೇ ರಾಶಿ. ಅದನ್ನು ಬರಿಗೈಯಲ್ಲಿ ಬೇರ್ಪಡಿಸುತ್ತಿದ್ದ ಹೆಣ್ಣುಮಗಳೊಬ್ಬಳ ಬೆರಳು ಗಾಜಿಗೆ ಸೀಳಿ ನಾಲ್ಕು ಹೊಲಿಗೆ ಬಿದ್ದವು. ಆಗ ನಾನು ಸಂಘದ ಕಾರ್ಯದರ್ಶಿ. ಆ ಗಾಜು ಯಾರ ಮನೆಯದೆಂದು ಕೊನೆಗೂ ತಿಳಿಯಲಿಲ್ಲ. ಎಲ್ಲರದೂ ಆದ ಡ್ರಮ್ಮಿಗೆ ಹೊಣೆಗಾರರೇ ಇರುವುದಿಲ್ಲ.

ಮೊದಲು ಏಳು ದಿನ ಕಸ ತೂಗಿಸಿದೆ. 140 ಮನೆಗಳಿಂದ ದಿನಕ್ಕೆ ಸುಮಾರು 120 ಕಿಲೋ. ಆಗ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಂತೆ ದಿನದ ಸರಾಸರಿ 100 ಕಿಲೋ ದಾಟಿದ್ದರಿಂದ ನಾವು ಬೃಹತ್ ತ್ಯಾಜ್ಯ ಉತ್ಪಾದಕರಾಗಿದ್ದೆವು. ಅಂಥವರು ತಮ್ಮ ಆವರಣದಲ್ಲೇ ಗೊಬ್ಬರ ಮಾಡಿಕೊಳ್ಳಬೇಕಿತ್ತು, ಇಲ್ಲವೇ ಪಾಲಿಕೆ ಒಪ್ಪಿದ ಖಾಸಗಿಯವರಿಗೆ ಹಣ ಕೊಟ್ಟು ಒಪ್ಪಿಸಬೇಕಿತ್ತು. ನಮ್ಮಲ್ಲಿಗೂ ಖಾಸಗಿ ವಾಹನವೊಂದು ಬರುತ್ತಿತ್ತು, ಕರಾರು ಮಾತ್ರ ಇರಲಿಲ್ಲ. ಒಂದು ಬೆಳಿಗ್ಗೆ ಸ್ಕೂಟರಿನಲ್ಲಿ ಅದರ ಹಿಂದೆಯೇ ಹೋದೆ. ಕೆರೆಯಂಚಿನ ಖಾಲಿ ಜಾಗದಲ್ಲಿ ಎಲ್ಲವನ್ನೂ ಸುರಿದು ಅದು ಹೊರಟುಹೋಯಿತು. ನಗರದ ಕಸವನ್ನು ತಂದು ಸುರಿಯುತ್ತಿದ್ದ ಹೊರವಲಯದ ಹಳ್ಳಿಗಳಾದ ಮಾವಳ್ಳಿಪುರ, ಮಂಡೂರುಗಳ ಜನ ಅದಕ್ಕಾಗಿ ಅನುಭವಿಸಿದ್ದನ್ನು ಓದಿ ಬಲ್ಲ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಕಸ ಒಯ್ಯುವ ಹೊಸಬರೊಂದಿಗೆ ಬರವಣಿಗೆಯಲ್ಲಿ ಕರಾರು ಮಾಡಿಕೊಂಡೆವು. ಹಸಿ, ಒಣ ಕಸಕ್ಕೆ ಬೇರೆ ಬೇರೆ ವಾಹನ, ದಿನವೂ ತೂಕದ ಚೀಟಿ, ಕಸ ಸೇರುವ ಜಾಗವನ್ನು ಯಾವಾಗ ಬೇಕಾದರೂ ನೋಡುವ ಹಕ್ಕು. ಮನೆಯೊಂದಕ್ಕೆ ತಿಂಗಳಿಗೆ 40 ರೂಪಾಯಿ ಹೆಚ್ಚಾಯಿತು.

ಡ್ರಮ್ಮುಗಳನ್ನು ಒಂದೇ ದಿನದಲ್ಲಿ ತೆಗೆಸಿದೆವು. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಹೇಳಿದ್ದಂತೆ ಪ್ರತಿ ಮನೆಗೆ ಎರಡು ಬುಟ್ಟಿ, ಒಂದು ಚೀಲ: ಹಸಿ ಕಸಕ್ಕೆ ಹಸಿರು, ಸ್ಯಾನಿಟರಿ ಮತ್ತು ಅಪಾಯಕಾರಿ ಕಸಕ್ಕೆ ಕೆಂಪು, ಒಣ ಕಸಕ್ಕೆ ಚೀಲ. ದೊಡ್ಡ ಜಗಳ ಎದ್ದದ್ದು ಹಸಿರು ಬುಟ್ಟಿಯೊಳಗಿನ ಪ್ಲಾಸ್ಟಿಕ್ ಕವರ್ ಬಗ್ಗೆ. ಕವರ್ ಇಲ್ಲದಿದ್ದರೆ ನಾರುತ್ತದೆ, ಹುಳು ಬೀಳುತ್ತದೆ ಎಂದರು. ಅವರ ದೂರು ಸುಳ್ಳಲ್ಲ. ಆದರೆ ಆ ಕವರ್ ಗೊಬ್ಬರದ ರಾಶಿಗೇ ಹೋಗಿ ಸೇರುತ್ತದೆ. ಕೊನೆಗೆ ಮನೆಮನೆಗೆ ಹೋಗಿ ತೋರಿಸಿದೆ: ಅಡುಗೆಯ ಕಸವನ್ನು ಜರಡಿಯಲ್ಲಿ ನೀರು ಬಸಿದು ಹಾಕಬೇಕು, ಬುಟ್ಟಿಯ ತಳಕ್ಕೆ ಎರಡು ಹಾಳೆ ದಿನಪತ್ರಿಕೆ ಮಡಿಚಿಡಬೇಕು. ಬಸಿದ ಕಸ ಅಷ್ಟು ಬೇಗ ನಾರುವುದಿಲ್ಲ. ಪ್ಯಾಡ್, ಡೈಪರ್ ಕಾಗದದಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕುವುದನ್ನು ಹೆಂಗಸರೇ ಸಭೆಯಲ್ಲಿ ಸೂಚಿಸಿದರು.

ಬೆರೆಸಿದ ಬುಟ್ಟಿಯನ್ನು ಸಿಬ್ಬಂದಿ ಬಾಗಿಲಲ್ಲೇ ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು. ದಂಡ ಹಾಕಲಿಲ್ಲ. ಮೊದಲ ವಾರ 31 ಮನೆಗಳ ಬುಟ್ಟಿ ಹಾಗೆ ಉಳಿದವು, ಮೂರನೆಯ ತಿಂಗಳಿಗೆ ನಾಲ್ಕು.

ಡಿಸೆಂಬರಿನಲ್ಲಿ ಅವರೆಕಾಯಿ ಬಂದಾಗ ಸಿಪ್ಪೆಯ ಹೊರೆಗೆ ಹಸಿರು ಬುಟ್ಟಿಗಳು ಸಾಲಲಿಲ್ಲ. ಈಗ ಅವರೆಕಾಯಿಯ ಎರಡು ತಿಂಗಳು ಕೆಳಗಡೆ ಸಿಪ್ಪೆಗಾಗಿ ಬೇರೆಯೇ ಗೋಣಿ ಇಡುತ್ತೇವೆ. ಹೊಲಿಗೆ ಬಿದ್ದಿದ್ದ ಆ ಹೆಣ್ಣುಮಗಳೇ ಒಣ ಕಸದ ತೂಕ ಬರೆದಿಡುತ್ತಾಳೆ, ಅದನ್ನು ಮಾರಿ ಬಂದ ಹಣ ಸಿಬ್ಬಂದಿಗೆ ಹಂಚಿಕೆಯಾಗುತ್ತದೆ.